ಷಡ್ಡಕನ ಕಾರ್ಬನ್ ಸೈಕಲ್

ಮಾರ್ಚ್ 3, ಭಾನುವಾರ

ಟಯರ್ ಕಂಪನಿಯವರು ಕೊಟ್ಟ ಈ ಡೈರಿ ಎರಡು ತಿಂಗಳಿಂದ ಅಂಗಡಿಯ ಮೇಜಿನ ಮೇಲೆ ಟೀ ಲೋಟಕ್ಕೆ ತಟ್ಟೆಯಾಗಿತ್ತು. ಇವತ್ತು ಮನೆಗೆ ತಂದೆ. ದಿನವಿಡೀ ಮಾತಾಡಿ ಬದುಕುವವನು ನಾನು. ಆದರೂ ಕೆಲವು ಮಾತು ಗಿರಾಕಿಗೆ ಹೇಳುವಂತಿಲ್ಲ, ಹೆಂಡತಿಗಂತೂ ಹೇಳಲೇಬಾರದು.

ವಿಷಯ ಇಷ್ಟೇ. ನನ್ನ ಷಡ್ಡಕ ಹೊಸ ಸೈಕಲ್ ತೆಗೆದುಕೊಂಡಿದ್ದಾನೆ. ನನ್ನ ಹೆಂಡತಿಯ ತಂಗಿಯನ್ನು ಕಟ್ಟಿಕೊಂಡ ಈ ಟೈಲರನ ಹೊಲಿಗೆ ಅಂಗಡಿಯಿಂದ ನನ್ನ ಸೈಕಲ್ ಅಂಗಡಿಗೆ ಆರು ನಿಮಿಷದ ನಡಿಗೆ. ಇಪ್ಪತ್ತೇಳು ವರ್ಷದಿಂದ ನಾನು ಅಲ್ಲೇ ಕೂತಿದ್ದೇನೆ. ಮೊದಲು ರಸ್ತೆಬದಿಯಲ್ಲಿ ಒಂದು ಪಂಪು, ಒಂದು ನೀರಿನ ಬೋಗುಣಿ ಇಟ್ಟುಕೊಂಡು, ಆಮೇಲೆ ಷಟರು ಹಾಕಿದ ಸ್ವಂತ ಅಂಗಡಿಯಲ್ಲಿ. ಆ ಆರು ನಿಮಿಷ ನಡೆಯಲಾರದೆ ಇವನು ಊರಾಚೆಯ ದೊಡ್ಡ ಶೋರೂಮಿಗೆ ಹೋಗಿ ಕಾರ್ಬನ್ ರೋಡ್ ಬೈಕು ತಂದಿದ್ದಾನೆ.

ಬೆಳಿಗ್ಗೆ ಆರಕ್ಕೆ ನೀರಿನ ಟ್ಯಾಂಕಿನ ಹತ್ತಿರ ನಮ್ಮ ಭಾನುವಾರದ ಗುಂಪು ಸೇರಿತ್ತು. ಒಂಬತ್ತು ಜನ. ಹತ್ತು ವರ್ಷದಿಂದ ನಾನು ಮುಂದೆ. ಕೊನೆಯ ಜಾಗಕ್ಕೆ ಹಲ್ಲಿನ ಡಾಕ್ಟರಿಗೂ ಟೈಲರಿಗೂ ಪೈಪೋಟಿ. ಇವತ್ತು ಡಾಕ್ಟರು ನನ್ನ ಮುಖ ನೋಡಿದವರೇ ಕೂಗಿದರು: "ಸಾಹುಕಾರ್ರೇ, ಬನ್ನಿ, ಇದನ್ನ ಎತ್ತಿ ನೋಡಿ. ಒಂದೇ ಬೆರಳು ಸಾಕು ರೀ!"

ಎತ್ತಿದೆ. ಎಂಟು ಕಿಲೋ ಚಿಲ್ಲರೆ. ನನ್ನ ಕೈಯಲ್ಲೇ ತಕ್ಕಡಿ ಇದೆ. ನನ್ನ ಉಕ್ಕಿನ ಸೈಕಲ್ಲು ಹನ್ನೆರಡೂವರೆ.

"ಚೆನ್ನಾಗಿದೆ," ಅಂದೆ. "ಮಳೆ ಗಾಳಿಗೆ ಹಾರಿ ಹೋಗದ ಹಾಗೆ ದಾರ ಕಟ್ಟಿಟ್ಕೋ."

ಎಲ್ಲರೂ ನಕ್ಕರು, ಅವನೂ ನಕ್ಕ. ಅಲ್ಲಿಗೆ ಬಿಡಬಹುದಿತ್ತು, ಬೆಲೆ ಕೇಳಿದೆ. ಹೇಳಿದ. ದುಬಾರಿಯಾಗಿದ್ದರೆ 'ದುಡ್ಡಿನ ಕೊಬ್ಬು' ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹಾಗೇನೂ ಇಲ್ಲ. ನನ್ನ ಅಂಗಡಿಯ ಅತ್ಯುತ್ತಮ ಸೈಕಲ್ಲಿಗಿಂತ ತುಸು ಹೆಚ್ಚು, ಅಷ್ಟೇ. ಬೈಯಲೂ ಜಾಗ ಬಿಡದಂಥ ಬೆಲೆ.

ಇವತ್ತಿನ ಲೆಕ್ಕ: ನಾನು ಮೊದಲು. ಟೈಲರ್ ಮೂರನೆಯವನು.

ಮಾರ್ಚ್ 4, ಸೋಮವಾರ

ಹೆಂಡತಿ ತಂಗಿಯ ಮನೆಗೆ ಹೋಗಿ ಬಂದಳು. ಸೊಂಟ ನೋವು ಅಂತ ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಮನುಷ್ಯ ನಿನ್ನೆ ಐವತ್ತು ಕಿಲೋಮೀಟರ್ ತುಳಿದು ಬಂದು ಬಾಗಿಲಿಗೆ ಕರ್ಟನ್ ಹಾಕಿದನಂತೆ.

"ಸೀಟಿನ ಕೊಳವೆನೇ ಬಗ್ಗುತ್ತಂತೆ ಕಣ್ರೀ. ಗುಂಡಿ ಮೇಲೆ ಹೋದ್ರೂ ಸೊಂಟಕ್ಕೆ ಗೊತ್ತಾಗಲ್ವಂತೆ."

"ಕೊಳವೆ ಬಗ್ಗಿದ್ರೆ ಅದು ಸೈಕಲ್ಲಲ್ಲ, ಉಯ್ಯಾಲೆ."

"ನಿಮ್ಮ ಹೊಟ್ಟೆ ಮೇಲೆ ಪಾತ್ರೆ ಇಟ್ರೆ ಹಾಲು ಉಕ್ಕುತ್ತೆ," ಎಂದು ಒಳಗೆ ಹೋದಳು.

ಮಾರ್ಚ್ 6, ಬುಧವಾರ

ಗಿರಾಕಿ ಇಲ್ಲದಾಗ ಫೋನಿನಲ್ಲಿ ಆ ಸೈಕಲ್ಲಿನ ಬಗ್ಗೆ ಓದಿದೆ. ವೈರಿಯ ಜಾತಕ ತಿಳಿದಿರಬೇಕು. ಸೀಟಿನಿಂದ ಹಿಂದಿನ ಚಕ್ರಕ್ಕೆ ಇಳಿಯುವ ಕೊಳವೆಗಳನ್ನು ಬೇಕೆಂದೇ ತೆಳ್ಳಗೆ ಮಾಡಿದ್ದಾರೆ, ಬಗ್ಗಲಿ ಅಂತ. ಟಯರು ಅಗಲ. ಹ್ಯಾಂಡಲ್ಲು ಎರಡು ಬೆರಳು ಎತ್ತರ, ಬೆನ್ನು ಗೂನಾಗದ ಹಾಗೆ. ಪೆಡಲಿನ ಹತ್ತಿರ ಮಾತ್ರ ಕಲ್ಲಿನಂತೆ ಗಟ್ಟಿ. ತುಳಿದದ್ದೆಲ್ಲ ಚಕ್ರಕ್ಕೇ ಹೋಗಬೇಕು. ಆರಾಮವೂ ಬೇಕು, ಓಟವೂ ಬೇಕು. ಹಾಸಿಗೆಯಲ್ಲಿ ಮಲಗಿಕೊಂಡೇ ಪಂದ್ಯ ಗೆಲ್ಲುವ ಉಪಾಯ.

ಮಾಡಿದವನು ಬುದ್ಧಿವಂತ. ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ.

ಮಾರ್ಚ್ 10, ಭಾನುವಾರ

ಟೈಲರ್ ಮೊದಲು. ನಾನು ಎರಡನೆಯವನು.

ಹನ್ನೆರಡನೇ ಮೈಲಿಯ ಏರಿನಲ್ಲಿ ಪಕ್ಕಕ್ಕೆ ಬಂದ. ಮಾತಾಡಿಸಿಕೊಂಡೇ ಹತ್ತಿದ, ಹಿಂದೆ ಬೀಳುವುದಕ್ಕಿಂತ ಅದು ಕಷ್ಟ. "ಅಣ್ಣಾ, ಈ ಕಡೆ ಮರಗಳೆಲ್ಲ ಎಷ್ಟು ಚಿಗುರಿವೆ ಅಲ್ವಾ?" ನನಗೆ ಉಸಿರಿರಲಿಲ್ಲ. "ಹ್ಞೂಂ," ಅಂದೆ. ಅವನು ಹಾಗೇ ಮುಂದೆ ಹೋದ. ಸೈಕಲ್ಲಿಗೆ ಸದ್ದೇ ಇಲ್ಲ. ಬೆಕ್ಕು ಅಡುಗೆಮನೆಗೆ ಹೋಗುವ ಹಾಗೆ.

ಮನೆಗೆ ಬಂದು, "ನಮ್ಮ ಅಂಗಡಿ ಇರುವಾಗ ಶೋರೂಮಿಗೆ ಹೋದನಲ್ಲ, ನಂಟಸ್ತಿಕೆಗೆ ಬೆಲೆ ಇಲ್ವಾ?" ಎಂದು ಹೆಂಡತಿಯನ್ನು ಕೇಳಿದೆ.

"ಎರಡು ವರ್ಷದ ಹಿಂದೆ ಮೊದಲು ನಿಮ್ಮನ್ನೇ ಕೇಳಿದ್ದ. ಕಾರ್ಬನ್ ತರಿಸಿಕೊಡ್ತೀರಾ ಅಂತ. ನೀವೇನಂದ್ರಿ?"

"ಏನಂದೆ?"

"'ಸೂಜಿ ಹಿಡಿಯೋನಿಗೆ ಕುದುರೆ ಯಾಕೆ' ಅಂದ್ರಿ. ಅಂಗಡೀಲಿ ನಾಲ್ಕು ಜನ ಇದ್ರು."

ನೆನಪಿಲ್ಲ ಅಂದೆ. ನೆನಪಿದೆ. ನಾಲ್ಕಲ್ಲ, ಆರು ಜನ ಇದ್ದರು. ಆರೂ ಜನ ನಕ್ಕಿದ್ದರು. ಒಳ್ಳೆಯ ಮಾತು ಅಂತ ಆಗ ಅನ್ನಿಸಿತ್ತು.

ಮಾರ್ಚ್ 13, ಬುಧವಾರ

ಸೈಕಲ್ ನನ್ನ ಅಂಗಡಿಗೆ ಬಂತು! ಸೀಟನ್ನು ಮೂರು ಮಿಲಿಮೀಟರ್ ಎತ್ತಬೇಕಂತೆ. ಮೂರು! ಕುತ್ತಿಗೆಯಲ್ಲಿ ನೇತಾಡುವ ಟೇಪಿನಿಂದ ತನ್ನ ಕಾಲನ್ನು ತಾನೇ ಅಳೆದುಕೊಂಡು ಬಂದಿದ್ದಾನೆ.

"ಪ್ಯಾಂಟಿಗೆ ಹೇಗೋ ಇದಕ್ಕೂ ಹಾಗೇ ಅಣ್ಣಾ. ಅಳತೆ ಸರಿ ಇದ್ರೆ ಬಟ್ಟೆ ಮೈ ಮೇಲಿದೆ ಅಂತಾನೇ ಗೊತ್ತಾಗಬಾರದು. ನೀವು ಗಿರಾಕಿಗೆ ಅಳತೆ ತಗೋತೀರಾ?"

"ನನಗೆ ಕಣ್ಣಿದೆ."

"ಶೋರೂಮಲ್ಲಿ ಮುಕ್ಕಾಲು ಗಂಟೆ ಅಳೆದ್ರು."

ಈ ಮಾತು ಬೇಕಿರಲಿಲ್ಲ. ಅಲನ್ ಕೀ ಹಾಕಿ ಬೋಲ್ಟು ಸಡಿಲಿಸಿದೆ, ಸೀಟ್ ಪೋಸ್ಟನ್ನು ಎತ್ತಿದೆ. ಹೆಬ್ಬೆರಳಿಗಿಂತ ತುಸು ದಪ್ಪದ ಕಪ್ಪು ಕೊಳವೆ, ಒಳಗೆ ಪೊಳ್ಳು. ಟೈಲರನ ಸೊಂಟವನ್ನು ರಿಪೇರಿ ಮಾಡಿದ ಮಹಾಶಯ ಈ ಕೊಳವೆಯೇ. ಬೋಲ್ಟಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ '5' ಎಂದು ಬರೆದಿತ್ತು.

"ಅಣ್ಣಾ, ಐದಕ್ಕಿಂತ ಬಿಗಿ ಬೇಡ ಅಂದಿದ್ರು. ಅದಕ್ಕೆ ಬಿಗಿ ತೋರಿಸೋ ಪಾನಾ ಬರುತ್ತಂತಲ್ಲ, ಟಾರ್ಕ್ ಪಾನಾ?"

"ಇಪ್ಪತ್ತೇಳು ವರ್ಷದಿಂದ ಈ ಕೈಯೇ ಪಾನಾ. ಐದು ಅಂದ್ರೆ ಐದು, ಆರು ಅಂದ್ರೆ ಆರು."

ಬಿಗಿ ಮಾಡಿದೆ. ಸಾಕಾಗಿತ್ತು, ಕೈಗೆ ಗೊತ್ತಾಯಿತು. ಆಗ ಆ ಮುಕ್ಕಾಲು ಗಂಟೆ ನೆನಪಾಯಿತು. ಇನ್ನೊಂದು ಕಾಲು ಸುತ್ತು ತಿರುವಿದೆ. 'ಟಿಕ್' ಎಂದಿತು, ಮೆಲ್ಲಗೆ, ಒಣಗಿದ ಕಡ್ಡಿ ಮುರಿದ ಹಾಗೆ. ಹೊರಗೆ ಲಾರಿ ಹೋಗುತ್ತಿತ್ತು. ಅವನಿಗೆ ಕೇಳಿಸಲಿಲ್ಲ.

ಬೋಲ್ಟು ಕೂತ ಸದ್ದು ಇರಬೇಕು.

ಮಾರ್ಚ್ 17, ಭಾನುವಾರ

ಟೈಲರ್ ಮೊದಲು, ನಾನು ಮೂರನೆಯವನು. ಪೋಸ್ಟ್ ಮಾಸ್ತರರೂ ನನ್ನನ್ನು ದಾಟಿದರು. ಅವರಿಗೆ ಮೊಣಕಾಲೇ ಇಲ್ಲ ಅಂದುಕೊಂಡಿದ್ದೆ.

ವಾಪಸು ಬರುವಾಗ ಟೈಲರನ ಸೈಕಲ್ಲಿನಿಂದ ಸದ್ದು ಬರುತ್ತಿತ್ತು. ಕಿರ್ರ್, ಕಿರ್ರ್. ಹೊಸ ಚಪ್ಪಲಿಯಂತೆ. ಒಂದು ಕ್ಷಣ ಖುಷಿಯಾಯಿತು ಎಂದು ಬರೆಯಲೇಬೇಕು. ಬೆಕ್ಕಿಗೆ ಗಂಟೆ ಬಿತ್ತಲ್ಲ ಎಂದುಕೊಂಡೆ.

ಮಾರ್ಚ್ 18, ಸೋಮವಾರ

ಸದ್ದಿನ ಸೈಕಲ್ಲನ್ನು ತಂದು ನಿಲ್ಲಿಸಿ ಅವನು ಬಟ್ಟೆ ತರಲು ಪೇಟೆಗೆ ಹೋದ. ಅಂಗಡಿಯಲ್ಲಿ ಹಲ್ಲಿನ ಡಾಕ್ಟರು ಮಾತ್ರ, ಮಗಳ ಸೈಕಲ್ಲಿನ ಬ್ರೇಕಿಗಾಗಿ ಕಾಯುತ್ತಾ ಸ್ಟೂಲಿನ ಮೇಲೆ ಕೂತಿದ್ದರು.

ಪೋಸ್ಟನ್ನು ಹೊರಗೆಳೆದೆ. ಬೆಳಕಿಗೆ ಹಿಡಿದೆ. ಫ್ರೇಮಿನ ಬಾಯಲ್ಲಿ ಬೋಲ್ಟಿನ ಪಟ್ಟಿ ಹಿಡಿದಿದ್ದ ಜಾಗದಲ್ಲಿ ಒಂದು ಗೆರೆ. ಕೂದಲೆಳೆಯಷ್ಟು ಸಣ್ಣದು, ಅರ್ಧ ಬೆರಳು ಉದ್ದ. ಉಗುರು ಹಾಯಿಸಿದೆ, ಉಗುರು ತಡೆಯಿತು.

"ಏನು ಸಾಹುಕಾರ್ರೇ, ಎಕ್ಸ್‌ರೇ ನೋಡೋ ಹಾಗೆ ನೋಡ್ತಿದ್ದೀರಿ? ಕಾರ್ಬನ್ ಕೆಲಸ ನಿಮಗೆ ಬರುತ್ತಾ? ಇಲ್ಲ ಶೋರೂಮಿಗೇ ಕಳಿಸೋದಾ?"

"ಹಲ್ಲು ಕೀಳೋಕ್ಕಿಂತ ಸುಲಭ ಡಾಕ್ಟ್ರೇ," ಅಂದೆ. ಬಾಯಿ ತಾನಾಗಿ ಹೇಳಿತು. ಕೈಯೂ ತಾನಾಗಿ ಗ್ರೀಸು ಹಚ್ಚಿತು, ಪೋಸ್ಟನ್ನು ಮೊದಲಿದ್ದ ಅಳತೆಗೇ ಇಳಿಸಿತು, ಬಿಗಿ ಮಾಡಿತು. ಗೆರೆ ಪಟ್ಟಿಯೊಳಗೆ ಹೋಗಿ ಕೂತಿತು. ಸದ್ದು ನಿಂತಿತು.

ಬಣ್ಣದ ಮೇಲಿನ ಗೀರು ಇರಬಹುದು. ಅವರು ಬಣ್ಣ ದಪ್ಪ ಹಚ್ಚುತ್ತಾರೆ.

ಮಾರ್ಚ್ 19, ಮಂಗಳವಾರ

ಗೀರಲ್ಲ.

ಫೋನಿನಲ್ಲಿ ಚಿತ್ರಗಳಿವೆ. ಉಕ್ಕು ಮುರಿಯುವ ಮುಂಚೆ ಬಗ್ಗುತ್ತದೆ, ನಾಲ್ಕು ದಿನ ಮೊದಲೇ ಹೇಳಿ ಕಳಿಸುತ್ತದೆ. ಕಾರ್ಬನ್ನು ಹೇಳುವುದಿಲ್ಲ. ಮೇಲೆ ಕೂತವನ ಕೆಳಗೆ ಒಂದೇ ಸಲ ಹೋಗುತ್ತದೆ, ಉಳಿದ ತುಂಡು ಈಟಿಯ ಹಾಗೆ ನಿಂತಿರುತ್ತದೆ. ಒಂದು ಚಿತ್ರ ನೋಡಿ ಫೋನನ್ನು ಬೋರಲು ಹಾಕಿಟ್ಟೆ.

ಮಾರ್ಚ್ 20, ಬುಧವಾರ

ಹೇಳಿಬಿಡೋಣ ಎಂದು ಅವನ ಅಂಗಡಿಗೆ ಹೋದೆ. ಹೊಲಿಗೆ ಯಂತ್ರದ ಮುಂದೆ ಇಬ್ಬರು ಗಿರಾಕಿಗಳಿದ್ದರು. ನನ್ನನ್ನು ಕಂಡವನೇ ಯಂತ್ರ ನಿಲ್ಲಿಸಿ, ಎದ್ದು, ತನ್ನ ಕುರ್ಚಿಯನ್ನೇ ಕೊಟ್ಟ.

"ಇವರೇ ನಮ್ಮಣ್ಣ. ನಾನು ಹೇಳಿದ್ನಲ್ಲ? ಮೂರು ದಿನದ ಸದ್ದು, ಇವರು ಮುಟ್ಟಿದ್ದೇ ಮಾಯ. ಕೈಗುಣ ಅಂದ್ರೆ ಇದು."

ಇಪ್ಪತ್ತೇಳು ವರ್ಷದಲ್ಲಿ ಯಾರೂ ನನಗೆ ಕೈಗುಣ ಅಂದಿರಲಿಲ್ಲ. ಕೂತು ಟೀ ಕುಡಿದು ಬಂದೆ.

ಮಾರ್ಚ್ 22, ಶುಕ್ರವಾರ

ಉಪಾಯ ಹೊಳೆಯಿತು. ಅಂಥದ್ದೇ ಹೊಸ ಪೋಸ್ಟು ತರಿಸುವುದು, ಸರ್ವೀಸಿನ ನೆಪದಲ್ಲಿ ಸೈಕಲ್ಲು ತೆಗೆದುಕೊಳ್ಳುವುದು, ಬದಲಾಯಿಸುವುದು. ಯಾರಿಗೂ ಗೊತ್ತಾಗದು, ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆರ್ಡರು ಹಾಕಿದೆ. ಮುಂದಿನ ಶುಕ್ರವಾರ ಬರುತ್ತದಂತೆ. 31ರ ಭಾನುವಾರ ವರ್ಷಕ್ಕೊಮ್ಮೆಯ ಗುಡ್ಡದ ಸವಾರಿ: ಮೂವತ್ತು ಕಿಲೋಮೀಟರ್ ರಸ್ತೆ, ಒಂಬತ್ತು ಕಿಲೋಮೀಟರ್ ಏರು, ಬಂದ ದಾರಿಯಲ್ಲೇ ಇಳಿಜಾರು. ಅದರೊಳಗೆ ಕೆಲಸ ಮುಗಿದಿರುತ್ತದೆ.

ಮಾರ್ಚ್ 24, ಭಾನುವಾರ

ಪೂರಾ ದಾರಿ ಅವನ ಹಿಂದೆಯೇ ಹೋದೆ, ಕಣ್ಣು ಸೀಟಿನ ಮೇಲೆ. ಅವನು ಗುಂಡಿ ಹಾರಿಸಿದಾಗಲೆಲ್ಲ ನನ್ನ ಹಲ್ಲು ಕಡಿಯಿತು. ಇಷ್ಟು ವೇಗದಲ್ಲಿ ಅವನ ಹಿಂದೆ ಅಂಟಿಕೊಂಡು ಹೋಗಲು ನನಗೆ ಶಕ್ತಿ ಎಲ್ಲಿಂದ ಬಂತೋ.

"ಏನು ಸಾಹುಕಾರ್ರೇ," ಡಾಕ್ಟರು ಅಂದರು, "ಕಣ್ಣಲ್ಲೇ ಆ ಸೈಕಲ್ಲು ನುಂಗ್ತೀರಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಹ್ಯಾಂಡಲ್ಲು ಮುಟ್ಟಿಕೊಂಡೆ.

ಮಾರ್ಚ್ 27, ಬುಧವಾರ

"ಗುಡ್ಡಕ್ಕೆ ಮುಂಚೆ ಸೈಕಲ್ ಬಿಟ್ಟು ಹೋಗು. ಪುಕ್ಕಟೆ ಸರ್ವೀಸ್ ಮಾಡ್ತೀನಿ."

"ಬೇಡ ಅಣ್ಣಾ, ರೇಷ್ಮೆ ಹಾಗೆ ಓಡ್ತಿದೆ. ಚೆನ್ನಾಗಿ ಕೂತ ಬಟ್ಟೆಗೆ ಮತ್ತೆ ಕತ್ತರಿ ಹಾಕಬಾರದು."

"ಚೈನಿಗೆ ಎಣ್ಣೆ ಆದ್ರೂ..."

"ನಾನೇ ಬಿಟ್ಟಿದ್ದೀನಿ. ನೀವೇನು, ಅದನ್ನ ಒಂದ್ಸಲ ಮುಟ್ಟಬೇಕು ಅಂತಾನಾ?" ನಕ್ಕ. ಒಳ್ಳೆಯ ನಗು. ನನ್ನ ಮೇಲೆ ಅವನಿಗೆ ಕನಿಕರ ಬಂದಿದೆ ಅಂತ ಕಾಣುತ್ತದೆ. ಇದಕ್ಕಿಂತ ಅವನು ಹಂಗಿಸಿದ್ದರೇ ಮೇಲಿತ್ತು.

ಮಾರ್ಚ್ 29, ಶುಕ್ರವಾರ

ಪೋಸ್ಟು ಬಂತು. ಒಂದು ನೂಲು ದಪ್ಪ. ಅವನ ಫ್ರೇಮಿನೊಳಗೆ ಇಳಿಯುವುದಿಲ್ಲ. ಸದ್ದು ನಿಲ್ಲಿಸಿದ ದಿನ ಅವನ ಪೋಸ್ಟು ನನ್ನ ಕೈಯಲ್ಲೇ ಇತ್ತು, ಪಕ್ಕದ ಡ್ರಾಯರಿನಲ್ಲೇ ಅಳತೆಯ ಇಕ್ಕಳವೂ ಇತ್ತು, ಅಳೆಯಲಿಲ್ಲ. ಕಣ್ಣಂದಾಜಿನಲ್ಲಿ ಆರ್ಡರು ಹಾಕಿದ್ದೆ. ನನಗೆ ಕಣ್ಣಿದೆಯಲ್ಲ.

ಮಾರ್ಚ್ 30, ಶನಿವಾರ

ಎರಡು ಸಲ ಫೋನು ಮಾಡಿದೆ. ಮೊದಲ ಸಲ ನಾದಿನಿ ಎತ್ತಿದಳು. "ಭಾವ, ಇವರು ಗುಡ್ಡ ಗುಡ್ಡ ಅಂತ ಕುಣೀತಿದ್ದಾರೆ, ಸ್ವಲ್ಪ ನೋಡ್ಕೊಳ್ಳಿ," ಅಂದಳು. ಎರಡನೇ ಸಲ ಅವನೇ ಎತ್ತಿದ. ನಾಳೆ ಎಷ್ಟು ಗಂಟೆಗೆ ಎಂದು ಕೇಳಿದೆ. ಹತ್ತು ವರ್ಷದಿಂದ ಆ ಸಮಯ ಗೊತ್ತುಮಾಡುವವನು ನಾನು.

ಮಾರ್ಚ್ 31, ಭಾನುವಾರ

ಕ್ರಮವಾಗಿ ಬರೆಯುತ್ತೇನೆ.

ಏರು ಶುರುವಾಗುವ ತನಕ ಅವನ ಹಿಂದೆ. ಏರಿನಲ್ಲೂ ಹಿಂದೆ. "ಎದ್ದು ತುಳಿ!" ಎಂದು ಕೂಗಿದೆ. ಎದ್ದು ತುಳಿದರೆ ಸೀಟಿನ ಮೇಲೆ ಭಾರ ಬೀಳುವುದಿಲ್ಲ. ಅವನು ಎದ್ದ. ಸ್ವಲ್ಪ ಹೊತ್ತಿಗೆ ಕೂತ. "ಎದ್ದು ತುಳಿ, ಕೂರಬೇಡ!" ಒಂಬತ್ತು ಕಿಲೋಮೀಟರ್ ಇದೇ ಮಂತ್ರ. ಉಳಿದವರು, ಸಾಹುಕಾರರು ಷಡ್ಡಕನನ್ನು ತಯಾರು ಮಾಡುತ್ತಿದ್ದಾರೆ ಎಂದು ಹೊಗಳಿದರು. ಅವನಿಗಂತೂ ಖುಷಿಯೋ ಖುಷಿ. "ಅಣ್ಣಾ, ನೀವು ಹೇಳಿದ್ದಕ್ಕೇ ಇಷ್ಟು ಬೇಗ ಹತ್ತಿದೆ," ಎಂದು ತುದಿಯಲ್ಲಿ ನನ್ನ ಕೈ ಹಿಡಿದುಕೊಂಡ.

ನಾನು ಬಾಯಿ ತೆರೆದೆ. ಇಳಿಜಾರಿಗೆ ಮುಂಚೆ ಹೇಳಲೇಬೇಕಿತ್ತು. ಅಷ್ಟರಲ್ಲಿ ಅವನೇ ಸೈಕಲ್ಲನ್ನು ನನ್ನ ಕಡೆ ತಳ್ಳಿದ.

"ಇಳಿಯೋಕೆ ಇದನ್ನ ನೀವು ತಗೊಳ್ಳಿ. ನಿಮ್ಮದು ನನಗೆ ಕೊಡಿ."

"ಯಾಕೆ?"

"ಮೂರು ವಾರದಿಂದ ನೀವು ಇದನ್ನೇ ನೋಡ್ತಿದ್ದೀರಿ, ನನಗೆ ಗೊತ್ತಾಗಲ್ವಾ?" ಧ್ವನಿ ತಗ್ಗಿಸಿದ. "ನಿಮ್ಮನ್ನ ಬಿಟ್ಟು ಅಲ್ಲಿ ಹೋಗಿ ತಗೊಂಡಿದ್ದು ನನಗೂ ಸರಿ ಅನ್ನಿಸಿಲ್ಲ ಅಣ್ಣಾ. ಒಂದ್ಸಲ ಕೂತು ನೋಡಿ."

ಸುಮ್ಮನೆ ತೆಗೆದುಕೊಂಡೆ. ನಾನು ಅದರ ಮೇಲಿದ್ದರೆ ಅವನು ಇರುವುದಿಲ್ಲ, ಅಷ್ಟೇ ಹೊಳೆದದ್ದು. ಹೇಡಿಯ ಲೆಕ್ಕವೂ ಒಮ್ಮೊಮ್ಮೆ ಸರಿ ಬರುತ್ತದೆ.

ಒಂಬತ್ತು ಕಿಲೋಮೀಟರ್ ನಿಂತೇ ಇಳಿದೆ. ಒಂದು ಕ್ಷಣವೂ ಕೂರಲಿಲ್ಲ. ತೊಡೆ ಸುಟ್ಟು ಬೂದಿಯಾಯಿತು. ಅದರೊಳಗೂ ಗೊತ್ತಾಯಿತು: ತಿರುವಿನಲ್ಲಿ ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ತಿರುಗುತ್ತದೆ. ಕೈಗೆ ರಸ್ತೆಯ ಕಿರಿಕಿರಿಯೇ ಬರುವುದಿಲ್ಲ. ನಾಲ್ಕು ವಾರದಿಂದ ಕಣ್ಣಿಟ್ಟ ಸೈಕಲ್ಲು, ಮೇಲೆ ಕೂರುವ ಹಾಗಿಲ್ಲ.

ಕೆಳಗಿನ ಟೀ ಅಂಗಡಿಯ ಮುಂದೆ ಎಲ್ಲರೂ ಸೇರಿದರು. "ಏನು ರೀ ಅದು, ಸರ್ಕಸ್ಸಿನವನ ಹಾಗೆ ನಿಂತೇ ಬಂದ್ರಿ!" ಡಾಕ್ಟರು. ಟೈಲರ್ ನನ್ನ ಉಕ್ಕಿನ ಸೈಕಲ್ಲಿನಿಂದ ಇಳಿದು ಸೊಂಟ ಉಜ್ಜಿಕೊಂಡ. "ನಿಮ್ಮದು ಗಟ್ಟಿ ಅಣ್ಣಾ, ಗಟ್ಟಿ ಅಂದ್ರೆ ಗಟ್ಟಿ. ಬೆನ್ನೆಲುಬು ಎಣಿಸಿಕೊಂಡು ಬಂದೆ. ಸರಿ, ಇನ್ನು ನಂದು ನನಗೆ ಕೊಡಿ."

"ಕೊಡಲ್ಲ."

"ಹಾಂ?"

"ಕೊಡಲ್ಲ ಕಣೋ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಪೋಸ್ಟ್ ಮಾಸ್ತರರ ಟೀ ಚೆಲ್ಲಿತು. "ಬಿಡಿ ಟೈಲರೇ, ಇನ್ನು ಅದು ಅವರದ್ದೇ!" ಅವನೂ ನಗುತ್ತಾ ಹ್ಯಾಂಡಲ್ಲಿಗೆ ಕೈ ಹಾಕಿದ. ನಾನು ಆ ಕೈ ಸರಿಸಿದೆ. ಜೇಬಿನಿಂದ ಅಲನ್ ಕೀ ತೆಗೆದು ಬೋಲ್ಟು ಬಿಚ್ಚಿದೆ, ಪೋಸ್ಟನ್ನು ಎಳೆದು ಅವನ ಮುಂದೆ ಹಿಡಿದೆ. ಗೆರೆ ಈಗ ಕೂದಲಿನಷ್ಟಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಬಾಯಿ ಬಿಡುತ್ತಿತ್ತು. ನಗು ಒಬ್ಬೊಬ್ಬರದೇ ನಿಂತಿತು.

"ನಾನೇ. ಸೀಟು ಎತ್ತಿದ ದಿನ. ಐದಕ್ಕಿಂತ ಬಿಗಿ ಮಾಡಿದೆ."

"ಯಾವಾಗ ಗೊತ್ತಾಯ್ತು?"

"ಹದಿಮೂರನೇ ತಾರೀಕು ಬಿಗಿ..."

"ಮಾಡಿದ್ದು ಯಾವಾಗ ಅಂತಲ್ಲ ಅಣ್ಣಾ. ಗೊತ್ತಾಗಿದ್ದು ಯಾವಾಗ?"

"ಹದಿನೆಂಟು."

ಡಾಕ್ಟರು ನನ್ನ ಮುಖ ನೋಡಿದರು. ಅವತ್ತು ಸ್ಟೂಲಿನ ಮೇಲಿದ್ದದ್ದು ಅವರಿಗೆ ನೆನಪಾಯಿತು.

ಟೈಲರ್ ಬೆರಳು ಮಡಚಿ ಎಣಿಸಿದ. "ಎರಡು ಭಾನುವಾರ ನಾನು ಇದರ ಮೇಲೆ ಕೂತಿದ್ದೆ," ಅಂದ. ಕೂಗಲಿಲ್ಲ. ಪೋಸ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ. ತರಕಾರಿ ಗಾಡಿಯೊಂದನ್ನು ಕೈ ಅಡ್ಡ ಹಾಕಿ ನಿಲ್ಲಿಸಿ, ಸೈಕಲ್ಲನ್ನು ಮೇಲೆ ಹಾಕಿಸಿ, ಪಕ್ಕದಲ್ಲಿ ಕೂತು ಹೋದ.

ಏಪ್ರಿಲ್ 1, ಸೋಮವಾರ

ಹೆಂಡತಿಗೆ ತಂಗಿಯಿಂದ ಎಲ್ಲ ಗೊತ್ತಾಗಿದೆ. ತಟ್ಟೆ ಇಟ್ಟಳು, ಬಡಿಸಿದಳು, ಎದುರು ಕೂತಳು.

"ಒಂದೇ ಮಾತು ಕೇಳ್ತೀನಿ. ಬೀಳಲಿ ಅಂತ ಇತ್ತಾ ಮನಸ್ಸಲ್ಲಿ?"

"ಇಲ್ಲ."

"ಸೈಕಲ್ಲು ಹಾಳಾಗಲಿ ಅಂತ?"

ಊಟ ಮಾಡಿದೆ.

ಏಪ್ರಿಲ್ 7, ಭಾನುವಾರ

ಟ್ಯಾಂಕಿನ ಹತ್ತಿರ ಹೋದೆ. ಎಂಟು ಜನ. ಮಾತು ಕಡಿಮೆ. ದಾರಿಯ ಬಲಕ್ಕೆ ಯಾವುದೋ ಮರ ಪೂರಾ ಕೆಂಪಾಗಿದೆ, ಹೂವೋ ಚಿಗುರೋ ಗೊತ್ತಾಗಲಿಲ್ಲ. ಕೇಳೋಣವೆಂದರೆ ಅಂಥದ್ದನ್ನು ಹೇಳುವವನು ಬಂದಿರಲಿಲ್ಲ. ಡಾಕ್ಟರಿಗೆ ಏರಿನಲ್ಲಿ ಕಾಲು ಹಿಡಿಯಿತು, ಅವರ ಜೊತೆ ನಡೆದುಕೊಂಡು ಹತ್ತಿದೆ. ಮನೆಗೆ ಬಂದಾಗ ಹತ್ತೂವರೆ.

ಏಪ್ರಿಲ್ 9, ಮಂಗಳವಾರ

ಟಾರ್ಕ್ ಪಾನಾ ತರಿಸಿದೆ. ಬಿಗಿ ಎಷ್ಟೆಂದು ಮುಳ್ಳು ತೋರಿಸುತ್ತದೆ. ಷಟರು ಅರ್ಧ ಎಳೆದು, ಹಳೆಯ ಫ್ರೇಮಿಗೆ ಅದನ್ನು ಸಿಕ್ಕಿಸಿ, ಕಣ್ಣು ಮುಚ್ಚಿಕೊಂಡು ನನ್ನ ಕೈಯ ಐದಕ್ಕೆ ತಿರುವಿದೆ. ಕಣ್ಣು ತೆರೆದು ಮುಳ್ಳು ನೋಡಿದೆ. ಎಂಟು. ಮತ್ತೆ ತಿರುವಿದೆ: ಏಳು. ಹತ್ತು ಸಲ ಮಾಡಿದೆ. ಹತ್ತರಲ್ಲಿ ಒಮ್ಮೆಯೂ ಐದಿಲ್ಲ. ಸಿಟ್ಟಿಲ್ಲದಾಗಲೂ ಇಲ್ಲ.

ಇಪ್ಪತ್ತೇಳು ವರ್ಷದಲ್ಲಿ ಎಷ್ಟು ಬೋಲ್ಟು ಬಿಗಿ ಮಾಡಿದ್ದೇನೋ. ಉಕ್ಕು ಪಾಪ, ತಡೆದುಕೊಂಡಿದೆ.

ಸಂಜೆ ಡಾಕ್ಟರ ಮಗಳಿಗೆ ಕರೆ ಕಳಿಸಿ, ಅವಳ ಸೈಕಲ್ಲಿನ ಬೋಲ್ಟುಗಳನ್ನೆಲ್ಲ ಬಿಚ್ಚಿ, ಮುಳ್ಳು ನೋಡಿಕೊಂಡು ಮತ್ತೆ ಹಾಕಿದೆ. ಕಾಲಿನ ಅಳತೆಯನ್ನೂ ತೆಗೆದುಕೊಂಡೆ. ಸೀಟು ಎರಡು ಬೆರಳು ಕೆಳಗಿತ್ತು. ನಾಲ್ಕು ವರ್ಷದಿಂದ.

ಏಪ್ರಿಲ್ 12, ಶುಕ್ರವಾರ

ಟೈಲರ್ ಫೋನು ಮಾಡಿದ. ಹನ್ನೆರಡು ದಿನದ ಮೇಲೆ. "ಶೋರೂಮಿಗೆ ಪೋಸ್ಟ್ ಬಂದಿದೆಯಂತೆ. ಹಾಕಿಸೋಕೆ ಹೋಗ್ತಿದ್ದೀನಿ. ಬರ್ತೀರಾ?" ಅಷ್ಟೇ ಮಾತು. ಅಂಗಡಿ ಮುಚ್ಚಿ ಹೋದೆ.

ಶೋರೂಮಿನ ಮೆಕ್ಯಾನಿಕ್ಕು ಇಪ್ಪತ್ತಾರು ಇಪ್ಪತ್ತೇಳರ ಹೆಣ್ಣುಮಗಳು. ಕೈಗೆ ನೀಲಿ ಗ್ಲೌಸು. ಹಳೆಯ ಪೋಸ್ಟನ್ನು ದೀಪಕ್ಕೆ ಹಿಡಿದು ನೋಡಿ ತಲೆಯಾಡಿಸಿದಳು. "ಯಾರು ಸಾರ್ ಇದನ್ನ ಹೀಗೆ ಬಿಗಿ ಮಾಡಿದ್ದು? ಇದಕ್ಕೆ ಗ್ರೀಸ್ ಬೇರೆ ಹಚ್ಚಿದ್ದಾರೆ. ಹಚ್ಚಲೇಬಾರದು."

"ನಮ್ಮ ಮನೆಯವರೇ ಒಬ್ಬರು," ಅಂದ ಟೈಲರ್.

"ನಾನಮ್ಮ," ಅಂದೆ.

ಅವಳಿಗೆ ಮುಜುಗರವಾಯಿತು. ಆಮೇಲೆ ಒಂದೊಂದಾಗಿ ತೋರಿಸಿದಳು: ಒಳಗೆ ಒರೆಸುವುದು ಹೇಗೆ, ಮರಳಿನಂತೆ ತರಿತರಿಯಾದ ಲೇಪವನ್ನು ಹಚ್ಚುವುದು ಎಲ್ಲಿ, ಪಾನಾ 'ಟಕ್' ಎಂದ ಕೂಡಲೇ ಕೈ ಬಿಡುವುದು. ಹೊಸದಾಗಿ ಕೆಲಸಕ್ಕೆ ಸೇರಿದವನ ಹಾಗೆ ಬಗ್ಗಿ ನೋಡಿದೆ. ಒಂದು ಪ್ರಶ್ನೆಯನ್ನೂ ಕೇಳಿದೆ.

ಟೈಲರ್ ನೋಡಲಿಲ್ಲ. ಅದನ್ನು ಬರೆಯಲೆಂದೇ ಇವತ್ತು ಪೆನ್ನು ಹಿಡಿದಿದ್ದು. "ನೀನು ಮಾಡಮ್ಮ," ಎಂದು ಅವಳ ಕೈಗೆ ಸೈಕಲ್ಲು ಒಪ್ಪಿಸಿದವನು, ಗಾಜಿನ ಬಾಗಿಲ ಹತ್ತಿರ ಹೋಗಿ, ನಮಗೆ ಬೆನ್ನು ಹಾಕಿ ನಿಂತು, ಹೊರಗೆ ಹೋಗುವವರ ಬಟ್ಟೆ ನೋಡುತ್ತಿದ್ದ. ಕೆಲಸ ಮುಗಿಯುವ ತನಕ ಒಮ್ಮೆಯೂ ತಿರುಗಲಿಲ್ಲ. 'ಆಯ್ತು ಸಾರ್' ಎಂದಾಗ ಬಂದ, ಕೂತ, ಹೊರಟ. ಬೋಲ್ಟನ್ನು ಮುಟ್ಟಿ ಕೂಡ ನೋಡಲಿಲ್ಲ. ಆ ಹೆಣ್ಣುಮಗಳು ಅವನನ್ನು ನೋಡಿದ್ದು ಇದು ಎರಡನೇ ಸಲವಂತೆ!

ಈ ಸಲ ನನಗೆ ಹೊಟ್ಟೆಕಿಚ್ಚಾದದ್ದು ಅವಳ ಮೇಲೆ.

ವಾಪಸು ಬರುವಾಗ ಅವನ ಹಿಂದೆ ಬಂದೆ. ಅವನ ಅಂಗಡಿಯ ತಿರುವಿನಲ್ಲಿ ಕಾಲೂರಿ ನಿಂತ. "ಭಾನುವಾರ ಆರಕ್ಕೆ ತಾನೇ?" ಅಂದ. "ಆರಕ್ಕೇ," ಅಂದೆ. ಒಳಗೆ ಹೋದ. ಅಣ್ಣಾ ಅನ್ನಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: "ಮುಖ ಯಾಕೆ ಹೀಗಿದೆ? ಇನ್ನೂ ಆ ಸೈಕಲ್ ಮೇಲೇನಾ ಕಣ್ಣು?"

ಇಲ್ಲ ಅಂದೆ. ನಂಬಲಿಲ್ಲ. ನಂಬದಿದ್ದರೆ ಅವಳ ತಪ್ಪಲ್ಲ, ಇಷ್ಟು ದಿನ ಅಲ್ಲೇ ಇತ್ತಲ್ಲ. ಸೈಕಲ್ಲಿನ ಮೇಲೆ ಹೊಟ್ಟೆಕಿಚ್ಚಿದ್ದಾಗ ಒಂದು ಅನುಕೂಲವಿತ್ತು: ಬೇಕು ಅಂದರೆ ಹೋಗಿ ಕೊಂಡುಕೊಳ್ಳಬಹುದಿತ್ತು.